ನಿಲ್ಲಿಸುವ ಬಲ ಮೊದಲು, ಓಡಿಸುವ ಬಲ ಆಮೇಲೆ



ನಮ್ಮ ಸಂಘದ ಇಪ್ಪತ್ತಮೂರು ವರ್ಷದ ತರುಣನೊಬ್ಬ ಉದ್ಯೋಗದ ಮೊದಲ ಎರಡು ವರ್ಷಗಳ ಉಳಿತಾಯವನ್ನೆಲ್ಲ ಸುರಿದು 1972ರ ಎಂಜಿಬಿ ರೋಡ್‌ಸ್ಟರ್ ಕಾರೊಂದನ್ನು ಕೊಂಡಿರುವುದು ನಿಮ್ಮಲ್ಲಿ ಬಹಳ ಮಂದಿಗೆ ತಿಳಿದಿದೆ. ಈ ವರ್ಷದ ಯುಗಾದಿ ಕೂಟದಲ್ಲಿ ಆತ ತನ್ನ ಮಾರ್ಪಾಡಿನ ಯೋಜನೆಯನ್ನು ಹಲವರಿಗೆ ತೋರಿಸಿದ. ಮೂಲ ಎಂಜಿನ್ನನ್ನು ತೆಗೆದು 3.9 ಲೀಟರಿನ ರೋವರ್ ವಿ8 ಎಂಜಿನ್ ಕೂರಿಸುವುದು. ಸ್ಪ್ರಿಂಗ್ ಬದಲಿಸಿ ಕಾರನ್ನು ನೆಲದ ಸಮೀಪಕ್ಕೆ ಇಳಿಸುವುದು. ಚಕ್ರದ ಕಮಾನುಗಳನ್ನು ಕತ್ತರಿಸಿ ಅಗಲವಾದ ಚಕ್ರಗಳನ್ನು ತೊಡಿಸುವುದು. ರೇಸಿನ ನಾಲ್ಕು ಪಟ್ಟಿಯ ಬೆಲ್ಟು ಹಾಕುವುದು. ಕೊನೆಗೆ ಮನೆಯ ಗ್ಯಾರೇಜಿನಲ್ಲಿಯೇ ಕಪ್ಪು ಬಣ್ಣ ಹೊಡೆಯುವುದು. ಪಟ್ಟಿಯ ಕಟ್ಟಕಡೆಯ ಸಾಲು ಹೀಗಿತ್ತು: ‘ಹಣ ಉಳಿದರೆ, ಬ್ರೇಕ್.’

ಆತನ ಅನುಮತಿ ಪಡೆದೇ ನಾನು ಇದನ್ನು ಬರೆಯುತ್ತಿದ್ದೇನೆ. ಅಂದು ಪಟ್ಟಿಯನ್ನು ಕಂಡ ಹಿರಿಯರಲ್ಲಿ ಕೆಲವರು, ಇಂಥ ಹಳೆಯ ಕಾರಿನ ಒಂದು ಬೋಲ್ಟನ್ನೂ ಬದಲಿಸಬಾರದೆಂದು ಗದರಿದರು. ಇನ್ನು ಕೆಲವರು, ಅದೇ ಹಣವನ್ನು ಮನೆಯ ಮುಂಗಡಕ್ಕೆ ಕೂಡಿಡಬಾರದಿತ್ತೇ ಎಂದು ಹೆತ್ತವರ ಮುಂದೆಯೇ ನಿಟ್ಟುಸಿರಿಟ್ಟರು. ಆತನ ವಯಸ್ಸಿನವರು ಎಂಜಿನ್ನಿನ ಸದ್ದಿನ ವಿಡಿಯೋ ನೋಡುತ್ತ ಹುರಿದುಂಬಿಸಿದರು. ಆ ಕಟ್ಟಕಡೆಯ ಸಾಲಿನ ಬಗ್ಗೆ ಮಾತ್ರ ಯಾರೂ ತುಟಿಬಿಚ್ಚಲಿಲ್ಲ. ನನ್ನ ತಕರಾರೆಲ್ಲ ಇರುವುದು ಆ ಒಂದು ಸಾಲಿನ ಸ್ಥಾನದ ಬಗ್ಗೆ.

ಮಾರ್ಪಾಡು ಬೇಡವೆಂದು ನಾನು ಹೇಳುವವನಲ್ಲ. ‘ಮೂಲವನ್ನು ಮುಟ್ಟಬಾರದು’ ಎಂಬ ವಾದ ಎಂಜಿಬಿಯ ಚರಿತ್ರೆಯ ಮುಂದೆ ನಿಲ್ಲಲಾರದು. 1962ರಿಂದ 1980ರವರೆಗೆ ಆಬಿಂಗ್‌ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು. ಇದು ಸಾಮಾನ್ಯ ಸಂಬಳದವರ ಕೈಗೆಟುಕಲೆಂದು, ದಿನನಿತ್ಯದ ಕಾರುಗಳ ಬಿಡಿಭಾಗಗಳನ್ನು ಬಳಸಿ ಕಟ್ಟಿದ ವಾಹನ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗೆಂದು ಹುಟ್ಟಿದ್ದಲ್ಲ. ತಯಾರಕರೇ ಆ ಹದಿನೆಂಟು ವರ್ಷಗಳಲ್ಲಿ ಅದನ್ನು ಮತ್ತೆ ಮತ್ತೆ ಬದಲಿಸಿದರು. ಕೆನ್ ಕಾಸ್ಟೆಲೊ ಎಂಬ ತಂತ್ರಜ್ಞ ಕಾರ್ಖಾನೆಗಿಂತ ಮೊದಲೇ ಅದರೊಳಗೆ ವಿ8 ಎಂಜಿನ್ ಕೂರಿಸಿ ಮಾರಿದ. 1988ರಿಂದ ಅದರ ಹೊಸ ಬಾಡಿಶೆಲ್ಲುಗಳೇ ತಯಾರಾಗತೊಡಗಿದವು. ಇಂಥ ಕಾರನ್ನು ಪ್ರೀತಿಯಿಂದ ಬದಲಿಸಹೊರಟ ತರುಣನನ್ನು ಅಪರಾಧಿಯಂತೆ ಕಾಣುವುದು ಅನ್ಯಾಯ.

ಆದರೆ ಅದೇ ಚರಿತ್ರೆ ಈ ತರುಣನಿಗೂ ಒಂದು ಪಾಠ ಹೇಳುತ್ತದೆ. ಎಂಜಿಬಿಯ ಮೂಲ ಎಂಜಿನ್ 1798 ಸಿಸಿಯದು. ಅದರ ಬಲ ಸುಮಾರು 95 ಅಶ್ವಶಕ್ತಿ. 1973ರಲ್ಲಿ ಕಾರ್ಖಾನೆಯೇ ಎಂಜಿಬಿ ಜಿಟಿ ವಿ8 ಹೊರತಂದಾಗ ಅದರ 3.5 ಲೀಟರ್ ಎಂಜಿನ್ನಿನ ಬಲ 137 ಅಶ್ವಶಕ್ತಿಯಿತ್ತು. ಅಷ್ಟು ಹೆಚ್ಚಳಕ್ಕೇ ಅವರು ಮುಂದಿನ ಬ್ರೇಕ್ ಡಿಸ್ಕುಗಳನ್ನು ದಪ್ಪಗೊಳಿಸಿದರು, ಚಕ್ರಗಳನ್ನು ಬದಲಿಸಿದರು. ಮಾರಿದ್ದೂ ಗಟ್ಟಿ ಮಾಡಿನ ಜಿಟಿಯನ್ನೇ ಹೊರತು ತೆರೆದ ರೋಡ್‌ಸ್ಟರನ್ನಲ್ಲ. ನಮ್ಮ ತರುಣ ತರಲಿರುವ ಎಂಜಿನ್ ಮೂಲಕ್ಕಿಂತ ಸುಮಾರು ಇಮ್ಮಡಿ ಬಲದ್ದು, ಕಾರು ಮಾಡಿಲ್ಲದ್ದು, ಬ್ರೇಕು 1972ರದ್ದು. ಕಾರ್ಖಾನೆಗೆ ಇಲ್ಲದ ಧೈರ್ಯವನ್ನು ಮನೆಯ ಗ್ಯಾರೇಜಿನಲ್ಲಿ ತೋರುವುದು ಸಾಹಸವೆನಿಸದು. ಮೂಗುದಾರ ಪೋಣಿಸದೆ ಹೋರಿಯನ್ನು ಬೀದಿಗೆ ಬಿಟ್ಟಂತಾಗುತ್ತದೆ.

ಲೆಕ್ಕ ಸರಳವಾಗಿದೆ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 50 ಮೈಲಿಯಿಂದ 70 ಮೈಲಿಗೆ ಏರಿದಾಗ ವೇಗ ಹೆಚ್ಚುವುದು ಶೇಕಡಾ 40ರಷ್ಟು. ಶಕ್ತಿಯಾದರೋ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಾರನ್ನು ನಿಲ್ಲಿಸುವಾಗ ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗಿ ಕಳೆಯಬೇಕು. ಬ್ರೇಕಿನಲ್ಲಿ ಕಳೆಯದೆ ಉಳಿದದ್ದು ಎದುರಿನ ಗೋಡೆಯಲ್ಲಿ, ಮುಂದಿನ ವಾಹನದಲ್ಲಿ, ಕೊನೆಗೆ ಮನುಷ್ಯನ ಪಕ್ಕೆಲುಬು, ಗುಲ್ಮ, ಮಿದುಳುಗಳಲ್ಲಿ ಕಳೆಯುತ್ತದೆ. ಮೇಲಾಗಿ, ಬ್ರಿಟನ್ನಿನಲ್ಲಿ ಮಾರಾಟವಾದ ಆ ಕಾಲದ ಎಂಜಿಬಿಗಳಲ್ಲಿ ಬ್ರೇಕಿನ ದ್ರವಕ್ಕೆ ಇದ್ದದ್ದು ಒಂದೇ ಸರ್ಕ್ಯೂಟ್. ಎಲ್ಲೋ ಒಂದು ಹಳೆಯ ರಬ್ಬರ್ ಕೊಳವೆ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಮ್ಮೆಲೇ ಹೋಗುತ್ತದೆ. ಇದನ್ನು ತಿಳಿದೂ ಬ್ರೇಕನ್ನು ‘ಹಣ ಉಳಿದರೆ’ ಎಂಬ ಸಾಲಿಗೆ ತಳ್ಳಬಹುದೇ?

ಇನ್ನು ರೇಸಿನ ಬೆಲ್ಟು. ನೋಡಲು ಭದ್ರವಾಗಿ ಕಾಣುವ ಈ ವಸ್ತುವಿನ ಬಗ್ಗೆ ವೈದ್ಯನಾಗಿ ನನಗೆ ಹೆಚ್ಚಿನ ಆತಂಕವಿದೆ. ಭುಜದ ಪಟ್ಟಿಗಳನ್ನು ಆಸನದ ಹಿಂದೆ ನೆಲಕ್ಕೆ ಬಿಗಿದರೆ, ಡಿಕ್ಕಿಯಾದಾಗ ಅವು ಭುಜಗಳನ್ನು ಕೆಳಕ್ಕೆ ಜಗ್ಗಿ ಬೆನ್ನುಮೂಳೆಯನ್ನು ಅದುಮುತ್ತವೆ. ಮುಂಡ ಕದಲದಂತೆ ಕಟ್ಟಿಹೋದಾಗ ಭಾರವಾದ ತಲೆಯೊಂದೇ ಮುಂದಕ್ಕೆ ಚಿಮ್ಮಿ ಕುತ್ತಿಗೆಯ ಮೇಲೆ ಎಳೆತ ಬೀಳುತ್ತದೆ. ರೇಸಿನವರು ಆ ಬೆಲ್ಟಿನೊಂದಿಗೆ ಅದಕ್ಕೆಂದೇ ರೂಪಿಸಿದ ಆಸನ, ಶಿರಸ್ತ್ರಾಣ, ಕುತ್ತಿಗೆಯ ರಕ್ಷಾಕವಚ ಎಲ್ಲವನ್ನೂ ಧರಿಸುತ್ತಾರೆ. ಟೆಸ್ಕೋಗೆ ಹಾಲು ತರಲು ಹೋಗುವವರು ಧರಿಸುವುದಿಲ್ಲ. ವೋಲ್ವೋ ಸಂಸ್ಥೆಯ ನಿಲ್ಸ್ ಬೋಲಿನ್ 1959ರಲ್ಲಿ ಕೊಟ್ಟ ಮೂರು ಬಿಂದುಗಳ ಬೆಲ್ಟು ಇಂದಿಗೂ ರಸ್ತೆಯ ಕಾರಿಗೆ ಉತ್ತಮವಾದುದು. ಈ ಕಾರಿನಲ್ಲಿರುವ ಹಳೆಯ ಬೆಲ್ಟಿನ ನೂಲು ಬಿಸಿಲಿಗೆ ಸವೆದಿದೆ, ತಲೆಯಾಸರೆಯೂ ಇಲ್ಲ. ಹೊಸ ಮೂರು ಬಿಂದುಗಳ ಬೆಲ್ಟು ಮತ್ತು ತಲೆಯಾಸರೆ, ಇವೆರಡಕ್ಕೆ ತಗಲುವ ಹಣ ಅಗಲ ಚಕ್ರಗಳ ಬೆಲೆಗಿಂತ ಬಹಳ ಕಡಿಮೆ.

‘ಇದು ನನ್ನ ಕಾರು, ನನ್ನ ಜೀವ’ ಎಂಬ ಉತ್ತರ ಬರಬಹುದು. ಆದರೆ ಆ ಕಾರಿನಲ್ಲಿ ಎರಡನೆಯ ಆಸನವೊಂದಿದೆ. ಅಲ್ಲಿ ಕೂರುವ ತಂಗಿಯಾಗಲಿ ಗೆಳೆಯನಾಗಲಿ ಈ ಪಟ್ಟಿಗೆ ಸಹಿ ಹಾಕಿಲ್ಲ. ರಸ್ತೆ ದಾಟುವ ಮಗುವಂತೂ ಹಾಕಿಯೇ ಇಲ್ಲ.

‘ಕಾನೂನೇ ಪರೀಕ್ಷೆ ಕೇಳುವುದಿಲ್ಲವಲ್ಲ’ ಎಂಬುದು ಮತ್ತೊಂದು ಸಮಜಾಯಿಷಿ. 2018ರ ಮೇ ತಿಂಗಳಿನಿಂದ ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ ಕಾರುಗಳಿಗೆ, ಅವುಗಳಲ್ಲಿ ಗಣನೀಯ ಬದಲಾವಣೆ ಆಗಿರದಿದ್ದರೆ, ವಾರ್ಷಿಕ ಎಂಓಟಿ ಪರೀಕ್ಷೆಯಿಂದ ವಿನಾಯಿತಿ ಇದೆ ನಿಜ. ಆದರೆ ರಕ್ತದೊತ್ತಡ ಅಳೆಯಲಿಲ್ಲವೆಂದ ಮಾತ್ರಕ್ಕೆ ರಕ್ತದೊತ್ತಡ ಇಲ್ಲವೆಂದಲ್ಲ. ಕಾರು ರಸ್ತೆಗೆ ಯೋಗ್ಯವಾಗಿರುವಂತೆ ನೋಡಿಕೊಳ್ಳುವ ಹೊಣೆಯಿಂದ ಮಾಲೀಕನಿಗೆ ವಿನಾಯಿತಿಯಿಲ್ಲ. ನಾಲ್ಕು ಸಿಲಿಂಡರಿನ ಜಾಗದಲ್ಲಿ ಎಂಟು ಬಂದಾಗ ಎಂಓಟಿಯ ವಿನಾಯಿತಿ ಉಳಿಯುವುದೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಎಂಜಿನ್ ಬದಲಾದುದನ್ನು ಡಿವಿಎಲ್‌ಎಗೆ ತಿಳಿಸಲೇಬೇಕು. ವಿಮೆಯ ವಿಷಯದಲ್ಲಿಯೂ ಅಷ್ಟೆ. 2012ರ ಕಾಯಿದೆಯಂತೆ, ವಿಮಾದಾರರಿಗೆ ತಪ್ಪು ಮಾಹಿತಿ ಹೋಗದಂತೆ ಎಚ್ಚರ ವಹಿಸುವುದು ಗ್ರಾಹಕನ ಕರ್ತವ್ಯ. ಮಾರ್ಪಾಡನ್ನು ಮುಚ್ಚಿಟ್ಟು ಪಡೆದ ವಿಮೆ ಬೇಕಾದ ದಿನ ಕೈಕೊಟ್ಟೀತು.

ಅಪಾಯ ರಸ್ತೆಯಲ್ಲಷ್ಟೇ ಇಲ್ಲ, ಗ್ಯಾರೇಜಿನಲ್ಲಿಯೂ ಇದೆ. ಆ ಕಾಲದ ಬ್ರೇಕ್ ಮತ್ತು ಕ್ಲಚ್ ಲೈನಿಂಗುಗಳಲ್ಲಿ ಕಲ್ನಾರು ಬಳಕೆಯಲ್ಲಿತ್ತು. ಬಿಳಿ ಕಲ್ನಾರಿಗೆ ಬ್ರಿಟನ್ ನಿಷೇಧ ಹೇರಿದ್ದು 1999ರಲ್ಲಿ. ಹಳೆಯ ಡ್ರಮ್ ಬಿಚ್ಚಿ ಅದರ ಧೂಳನ್ನು ಗಾಳಿ ಹೊಡೆದು ಹಾರಿಸಿದವನಿಗೆ ಅಂದು ಕೆಮ್ಮು ಕೂಡ ಬಾರದು. ಆ ಎಳೆಗಳಿಂದ ಶ್ವಾಸಕೋಶದ ಪೊರೆಗೆ ತಗಲುವ ಕ್ಯಾನ್ಸರ್ ಹಲವು ದಶಕಗಳ ನಂತರ ತಲೆಯೆತ್ತುತ್ತದೆ. ಆದ್ದರಿಂದ ಧೂಳನ್ನು ಊದಬಾರದು, ಒಣಗಿದಂತೆ ಉಜ್ಜಬಾರದು. ತೇವಗೊಳಿಸಿ ಒರೆಸಿ, ಒರೆಸಿದ ಬಟ್ಟೆಯನ್ನು ಚೀಲದಲ್ಲಿ ಮುಚ್ಚಿ ವಿಲೇವಾರಿ ಮಾಡಬೇಕು. ಎರಡು ದ್ರವ ಬೆರೆಸಿ ಸಿಂಪಡಿಸುವ ಕಾರಿನ ಬಣ್ಣದಲ್ಲಿ ಐಸೊಸಯನೇಟ್ ಇರುತ್ತದೆ. ಅದು ಆರೋಗ್ಯವಂತನಿಗೂ ಆಸ್ತಮಾ ತರಬಲ್ಲದು, ಸಾಮಾನ್ಯ ಮುಖಗವಸು ಅದನ್ನು ತಡೆಯಲಾರದು. ಆ ಕೆಲಸವನ್ನು ಬಣ್ಣದ ಬೂತ್ ಇರುವವರಿಗೇ ಬಿಡಲಿ. ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ, ಒಂದು ನಿಮಿಷಕ್ಕೂ, ನುಸುಳಬಾರದು. ಆಕ್ಸಲ್ ಸ್ಟ್ಯಾಂಡುಗಳನ್ನು ಕೊಟ್ಟ ಮೇಲೆಯೇ ಕೆಳಗಿಳಿಯಬೇಕು.

ಹಾಗಾದರೆ ಪಟ್ಟಿ ಹೇಗಿರಬೇಕು? ಮೊದಲು ಸಿಲ್ಲುಗಳು. ಎಂಜಿಬಿಗೆ ಪ್ರತ್ಯೇಕ ಷಾಸಿಯಿಲ್ಲ. ಬಾಗಿಲ ಕೆಳಗಿನ ಸಿಲ್ಲುಗಳೇ ಇಡೀ ಕಾರನ್ನು ಹೊತ್ತಿವೆ, ತುಕ್ಕು ಒಳಗಿನಿಂದ ತಿನ್ನುವುದೂ ಅವನ್ನೇ. ಗೆದ್ದಲು ಹಿಡಿದ ಕಂಬಕ್ಕೆ ಬಣ್ಣ ಬಳಿದು ಮೇಲೊಂದು ಮಹಡಿ ಕಟ್ಟುವುದು ಬೇಡ. ಎರಡನೆಯದು ಬ್ರೇಕು: ಹೊಸ ಕೊಳವೆಗಳು, ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್, ಸರ್ವೊ. ಮೂರನೆಯದು ಬೆಲ್ಟು, ತಲೆಯಾಸರೆ ಮತ್ತು ಹೊಸ ಟೈರು. ನಾಲ್ಕನೆಯದು ಪೆಟ್ರೋಲಿನ ಕೊಳವೆಗಳು: 2021ರಿಂದ ಇಲ್ಲಿನ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಇ10 ಪೆಟ್ರೋಲಿನ ಎಥನಾಲ್ ಹಳೆಯ ರಬ್ಬರನ್ನು ಹಾಳುಮಾಡುತ್ತದೆ, ಬಿಸಿ ಎಂಜಿನ್ನಿನ ಮೇಲೆ ಸೋರಿದ ಪೆಟ್ರೋಲು ಎಂದರೆ ಬೆಂಕಿ. ಇಷ್ಟಾದ ಮೇಲೆ ಮೂಲ ಎಂಜಿನ್ನಿನಲ್ಲಿಯೇ ಒಂದು ಬೇಸಿಗೆ ಓಡಿಸಿ ಕಾರಿನ ಸ್ವಭಾವವನ್ನು ಅರಿಯಲಿ. ಅನಂತರವೂ ವಿ8 ಬೇಕೆನಿಸಿದರೆ ಹಾಕಲಿ, ಅದಕ್ಕೆ ತಕ್ಕ ದಪ್ಪ ಡಿಸ್ಕುಗಳೊಂದಿಗೆ. ಕಮಾನು ಕತ್ತರಿಸುವ ಕೆಲಸವನ್ನು ಮಾತ್ರ ಕೈಬಿಡಲಿ. ಬೋಲ್ಟು ಹಾಕಿ ಜೋಡಿಸಿದ್ದನ್ನು ಬಿಚ್ಚಬಹುದು, ಕತ್ತರಿಸಿದ್ದನ್ನು ಮರಳಿ ಪಡೆಯುವುದು ದುಬಾರಿ. ತೆಗೆದಿಟ್ಟ ಮೂಲ ಎಂಜಿನ್ನಿಗೆ ಚೀಟಿ ಅಂಟಿಸಿ ಜೋಪಾನ ಮಾಡಲಿ.

ಹಿರಿಯರಲ್ಲಿ ಒಂದು ಮಾತು. ನಮ್ಮ ಸಂಘದಲ್ಲಿ ವಾಹನೋದ್ಯಮದಲ್ಲಿ ದುಡಿದ ಎಂಜಿನಿಯರುಗಳಿದ್ದಾರೆ, ವಿಮೆಯ ವ್ಯವಹಾರ ಬಲ್ಲವರಿದ್ದಾರೆ. ಯುಗಾದಿಯ ದಿನ ಗದರಲು ಹಲವು ಬಾಯಿಗಳಿದ್ದವು. ಶನಿವಾರ ಬಂದು ಸಿಲ್ಲಿಗೆ ಟಾರ್ಚು ಹಿಡಿಯುತ್ತೇನೆಂದವರು ಒಬ್ಬರೂ ಇಲ್ಲ. ನಾವು ಬೈಗುಳವನ್ನಷ್ಟೇ ಕೊಟ್ಟರೆ ತರುಣರು ವಿಡಿಯೋಗಳಿಂದಲೇ ಕಲಿಯುತ್ತಾರೆ, ಬ್ರೇಕಿನ ಕೊಳವೆ ಬದಲಿಸುವ ವಿಡಿಯೋಕ್ಕಿಂತ ವಿ8 ಗುಡುಗುವ ವಿಡಿಯೋ ಯಾವಾಗಲೂ ಆಕರ್ಷಕವಾಗಿಯೇ ಇರುತ್ತದೆ. ಬಲ್ಲವರು ಯಾರಾದರೂ ಎರಡು ಶನಿವಾರಗಳನ್ನು ಆತನಿಗೆ ಕೊಡಬೇಕೆಂದು ಕೋರುತ್ತೇನೆ.

ಆ ತರುಣನಿಗೆ ನನ್ನ ಬೇಡಿಕೆ ಇಷ್ಟೇ: ಪಟ್ಟಿಯ ಕಟ್ಟಕಡೆಯ ಸಾಲನ್ನು ಮೇಲಕ್ಕೆ ತಂದು, ‘ಹಣ ಉಳಿದರೆ’ ಎಂಬ ಎರಡು ಪದಗಳನ್ನು ವಿ8ರ ಮುಂದೆ ಬರೆಯಲಿ. ಬ್ರೇಕು ಸಿದ್ಧವಾದ ದಿನ ಆ ಎರಡನೆಯ ಆಸನದಲ್ಲಿ ಕೂರಲು ನಾನು ಸಿದ್ಧ.

(ಲೇಖಕರು ಎಂ.ಬಿ.ಬಿ.ಎಸ್. ಪದವೀಧರ ವೈದ್ಯರು, ಸಂಘದ ಆರೋಗ್ಯ ಶಿಬಿರಗಳಲ್ಲಿ ಸ್ವಯಂಸೇವಕರು.)