ಬಿಟ್ಟು ಹೋಗಬಹುದಿತ್ತಲ್ಲ?
ಅಷ್ಟು ಹೊಡೆತ ತಿಂದವಳು ಬಿಟ್ಟು ಹೋಗಬಹುದಿತ್ತಲ್ಲ ಎಂದು ಜಗಲಿಯಲ್ಲಿ ಕೂತವರೂ ಕೇಳುತ್ತಾರೆ, ಕೋರ್ಟಿನ ಜ್ಯೂರಿಯಲ್ಲಿ ಕೂತವರೂ ಕೇಳುತ್ತಾರೆ. 1986ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ 22 ವರ್ಷದ ಯುವತಿಯೊಬ್ಬಳು ತನ್ನನ್ನು ಹೊಡೆಯುತ್ತಿದ್ದ ಸಂಗಾತಿಯ ತಲೆಯ ಹಿಂಭಾಗಕ್ಕೆ ಗುಂಡು ಹೊಡೆದಳು. ಆಗ ಅವನು ಕೋಣೆಯಿಂದ ಹೊರಡುತ್ತಿದ್ದ. ನೀನು ನನ್ನನ್ನು ಕೊಲ್ಲದಿದ್ದರೆ ನಾನೇ ನಿನ್ನನ್ನು ಮುಗಿಸುತ್ತೇನೆ ಎಂದು ಅವನೇ ಕೋವಿ ಕೈಗಿತ್ತಿದ್ದ ಎಂಬುದು ಅವಳ ಹೇಳಿಕೆ. ಬೆನ್ನು ತಿರುಗಿಸಿದವನಿಗೆ ಹೊಡೆದದ್ದು ಆತ್ಮರಕ್ಷಣೆ ಹೇಗಾದೀತು? ವಿಚಾರಣೆಗೆ ಮನೋವೈದ್ಯರೊಬ್ಬರು ಬಂದು, ವರ್ಷಗಟ್ಟಲೆ ಏಟು ತಿಂದವಳಿಗೆ ಮುಂದಿನ ಏಟು ಯಾವಾಗ ಬೀಳುತ್ತದೆಂಬುದು ಹೇಗೆ ತಿಳಿಯುತ್ತದೆ, ಬಾಗಿಲು ತೆರೆದಿದ್ದರೂ ಕಾಲು ಯಾಕೆ ಏಳುವುದಿಲ್ಲ ಎಂದು ವಿವರಿಸಿದರು. ಜ್ಯೂರಿ ಖುಲಾಸೆ ಮಾಡಿತು, ಮ್ಯಾನಿಟೋಬಾದ ಮೇಲ್ಮನವಿ ನ್ಯಾಯಾಲಯ ಮರುವಿಚಾರಣೆ ಎಂದಿತು. 1990ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಖುಲಾಸೆಯನ್ನೇ ಉಳಿಸಿತು. ಪ್ರಧಾನ ತೀರ್ಪು ಬರೆದವರು ಆ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಬರ್ತಾ ವಿಲ್ಸನ್. ಆತ್ಮರಕ್ಷಣೆಯ ಕಾನೂನು ಸಮಬಲದ ಗಂಡಸರ ಜಗಳವನ್ನು ಕಣ್ಣಮುಂದಿಟ್ಟುಕೊಂಡು ಬೆಳೆದದ್ದು, ಆ ಅಳತೆಗೋಲು ಇಂಥ ಮನೆಯೊಳಗೆ ಹೊಂದುವುದಿಲ್ಲ ಎಂಬುದು ಅವರ ವಾದದ ತಿರುಳು. ಇನ್ನೊಂದು ತೊಡಕೂ ಇತ್ತು: ಆರೋಪಿ ಸಾಕ್ಷಿಕಟ್ಟೆ ಹತ್ತಿರಲೇ ಇಲ್ಲ, ವೈದ್ಯರು ಹೇಳಿದ್ದರಲ್ಲಿ ಒಂದಷ್ಟು ಅವಳ ಬಾಯಿಂದ ಕೇಳಿದ್ದು. ಪರವಾಗಿಲ್ಲ, ಸಾಕ್ಷ್ಯ ಒಳಗೆ ಬರಲಿ, ಅದಕ್ಕೆ ಎಷ್ಟು ತೂಕವೆಂದು ಜ್ಯೂರಿ ನೋಡಿಕೊಳ್ಳಲಿ ಎಂದಿತು ಕೋರ್ಟು. ನನಗಿದು ಸರಿಯೆನಿಸುತ್ತದೆ. ತಜ್ಞರೇ ತೀರ್ಪುಗಾರರಾಗಿಬಿಟ್ಟರೆ ಎಂಬ ಅಳುಕು ಸುಳ್ಳಲ್ಲ. ಆದರೆ ವಿಲ್ಸನ್ ಅದನ್ನೂ ಗಮನಿಸಿದ್ದರು, ಪೆಟ್ಟು ತಿಂದವಳು ಎಂಬುದೊಂದೇ ಖುಲಾಸೆಗೆ ಸಾಲದು ಎಂದೂ ಬರೆದಿದ್ದರು.