ಹೋಗಬೇಕಾದಾಗ ಹೋಗದ ಕರೆಂಟು

ಕರೆಂಟು ಹೋಯಿತೆಂದು ಬೈಯದ ಮನೆ ನಮ್ಮ ರಾಜ್ಯದಲ್ಲಿ ಇರಲಾರದು. ಹೋಗಬೇಕಾದ ಹೊತ್ತಿಗೆ ಹೋಗಲಿಲ್ಲವೆಂದು ಬೈಯುವುದು ಮಾತ್ರ ಯಾರದಾದರೂ ಜೀವ ಹೋದ ಮೇಲೆ. 2023ರ ನವೆಂಬರ್ 19ರ ಬೆಳಗಿನ ಜಾವ ಬೆಂಗಳೂರಿನ ಕಾಡುಗೋಡಿಯ ಬಳಿ ಫುಟ್‌ಪಾತ್ ಮೇಲೆ ತುಂಡಾಗಿ ಬಿದ್ದಿದ್ದ ತಂತಿ ತುಳಿದು ತಾಯಿಯೂ ಆಕೆಯ ಒಂಬತ್ತು ತಿಂಗಳ ಕೂಸೂ ಸತ್ತರು. ಅಮಾನತು, ಪರಿಹಾರ, ತನಿಖೆ ಎಲ್ಲ ಆಯಿತು. ನೆಲಕ್ಕೆ ಬಿದ್ದ ತಂತಿಯಲ್ಲಿ ಕರೆಂಟು ಇನ್ನೂ ಯಾಕಿತ್ತು ಎಂಬ ಪ್ರಶ್ನೆ ಎರಡು ವಾರ ಓಡಾಡಿ ಸುಮ್ಮನಾಯಿತು.

ಈ ಪ್ರಶ್ನೆಗೆ ಉತ್ತರ ಹುಡುಕಲು ಸಬ್‌ಸ್ಟೇಷನ್‌ವರೆಗೆ ಹೋಗಬೇಕಿಲ್ಲ, ಮನೆಯ ಮೀಟರ್ ಬೋರ್ಡಿನಿಂದಲೇ ಶುರುಮಾಡಬಹುದು. ಅಲ್ಲಿರುವ ಎಂಸಿಬಿಯೊಳಗೆ ಎರಡು ಕಾವಲುಗಳಿವೆ. ಒಂದು, ಎರಡು ಲೋಹ ಬೆಸೆದ ಪಟ್ಟಿ. ಬಿಸಿಯೇರಿದಂತೆ ನಿಧಾನ ಬಾಗಿ ಕೊಂಡಿ ತಪ್ಪಿಸುತ್ತದೆ. ಇನ್ನೊಂದು ತಾಮ್ರದ ಸುರುಳಿ. ಶಾರ್ಟ್ ಆದ ಕೂಡಲೇ ಅಯಸ್ಕಾಂತವಾಗಿ ಹೊಡೆದು ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಸಂಪರ್ಕ ಬಿಡಿಸುತ್ತದೆ. ಆ ಆತುರ ಬೇಕೇ ಬೇಕು. ಕರೆಂಟು ಹತ್ತು ಪಟ್ಟಾದರೆ ತಂತಿಯ ಕಾವು ನೂರು ಪಟ್ಟಾಗುತ್ತದೆ. ಆ ಕಾವಿನ ಎದುರು ಒಂದೆರಡು ಸೆಕೆಂಡಿನ ತಡವೂ ದುಬಾರಿ.

ಪಟ್ಟಿಯ ಕಥೆ ಬೇರೆ. 16 ಆಂಪಿಯರ್‌ನ ಎಂಸಿಬಿಯಲ್ಲಿ 23 ಆಂಪಿಯರ್ ಹರಿಯುತ್ತಿದ್ದರೂ ಅದು ಒಂದು ಗಂಟೆಯೊಳಗೆ ಬಿದ್ದರೆ ಸಾಕು ಎನ್ನುತ್ತದೆ ಮಾನದಂಡ. ಮೋಟಾರು ಶುರುವಾಗುವಾಗ ಒಂದಿಷ್ಟು ಹೊತ್ತು ಹೆಚ್ಚು ಎಳೆಯುವುದು ಸಹಜ, ಅದಕ್ಕೆಲ್ಲ ಬೀಳಬಾರದೆಂದು ಈ ಸಡಿಲಿಕೆ. ನಾವು ಮಾಡುವುದೇನು? ಗೀಸರೂ ಇಸ್ತ್ರಿಪೆಟ್ಟಿಗೆಯೂ ಒಟ್ಟಿಗೆ ಹಾಕಿದಾಗ ಎಂಸಿಬಿ ಬೀಳುತ್ತದೆಂದು 16ನ್ನು ಕಿತ್ತು 32 ಹಾಕಿಸುತ್ತೇವೆ. ಗೋಡೆಯೊಳಗಿನ ವೈರು ಮಾತ್ರ ಹಳೆಯದೇ. ಹಿಂದೆ ಪಿಂಗಾಣಿ ಫ್ಯೂಸಿಗೆ ದಪ್ಪ ತಾಮ್ರದ ಎಳೆ ಕಟ್ಟಿ "ಇನ್ನು ಹೋಗಲ್ಲ ಬಿಡಿ" ಎಂದು ಹೆಮ್ಮೆಪಡುತ್ತಿದ್ದವರ ವಂಶ ನಮ್ಮದು. ಫ್ಯೂಸು ಇರುವುದೇ ಹೋಗುವುದಕ್ಕೆ.

ಇಷ್ಟೆಲ್ಲ ಸರಿಯಿದ್ದರೂ ಎಂಸಿಬಿ ಮನುಷ್ಯನನ್ನು ಕಾಯುವುದಿಲ್ಲ. ಒದ್ದೆ ಕೈಯಲ್ಲಿ 230 ವೋಲ್ಟ್ ಮುಟ್ಟಿದವನ ಮೈಯಲ್ಲಿ ಹರಿಯುವುದು ಸುಮಾರು 0.2 ಆಂಪಿಯರ್. ಎಂಸಿಬಿಯ ಲೆಕ್ಕದಲ್ಲಿ ಅವನು ಉರಿಯುತ್ತಿರುವ ಒಂದು 40 ವ್ಯಾಟ್ ಬಲ್ಬು, ಅಷ್ಟೆ. ಅದು ಬೀಳುವುದೇ ಇಲ್ಲ. ಇಂಥವನನ್ನು ಗುರುತಿಸುವುದು ಆರ್‌ಸಿಸಿಬಿ. ಹೋದ ಕರೆಂಟು ಪೂರ್ತಿ ವಾಪಸು ಬಂತೇ ಎಂದು ಅದು ಸದಾ ಲೆಕ್ಕ ನೋಡುತ್ತದೆ. ಮನೆಗೆ ಹಾಕುವ 30 ಮಿಲಿ ಆಂಪಿಯರ್‌ನದಾದರೆ, ಅಷ್ಟು ಸೋರಿದರೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟು ಸೋರಿದರೆ 0.04 ಸೆಕೆಂಡಿನೊಳಗೆ ಬೀಳಲೇಬೇಕು. ಇಟಾಲಿಯನ್ ಮಾರ್ಬಲ್ಲಿಗೆ ಲಕ್ಷಗಟ್ಟಲೆ ಸುರಿಯುವವರು ಇದರ ಕೆಲವು ಸಾವಿರಕ್ಕೆ ಚೌಕಾಸಿ ಮಾಡುವುದನ್ನು ನೋಡಬೇಕು.

ರಸ್ತೆಯ ಮೇಲಿನ 11 ಕೆವಿ ಲೈನಿನಲ್ಲೂ ಇದೇ ಸಮಸ್ಯೆ ದೊಡ್ಡದಾಗಿ ಕೂತಿದೆ. ಸಬ್‌ಸ್ಟೇಷನ್ನಿನಿಂದ ಹೊರಡುವ ಇಂಥ ಲೈನು ಅಂದರೆ ಫೀಡರು; ಅದರಲ್ಲಿ ತಪ್ಪು ಗುರುತಿಸಿ ಬ್ರೇಕರ್ ಬೀಳಿಸುವ ರಿಲೇ ಬೇಕೆಂದೇ ತಡೆದು ಕೆಲಸ ಮಾಡುತ್ತದೆ. ತಪ್ಪು ಎಲ್ಲಿ ಆಯಿತೋ ಅದಕ್ಕೆ ಹತ್ತಿರದ ಬ್ರೇಕರ್ ಮೊದಲು ಬೀಳಲಿ, ಊರೆಲ್ಲ ಕತ್ತಲಾಗುವುದು ಬೇಡ ಎಂದು ಮೆಟ್ಟಿಲು ಮೆಟ್ಟಿಲಿಗೂ 0.3, 0.4 ಸೆಕೆಂಡ್ ಅಂತರ ಬಿಟ್ಟಿರುತ್ತಾರೆ. ಮೂಲಕ್ಕೆ ಹತ್ತಿರವಾದಷ್ಟೂ ಶಾರ್ಟಿನ ರಭಸ ಹೆಚ್ಚು, ಅಲ್ಲಿಯ ರಿಲೇಯ ತಾಳ್ಮೆಯೂ ಹೆಚ್ಚು! ಹಳೆಯ ರಿಲೇಗಳಲ್ಲಿ ಒಂದು ತಟ್ಟೆ ತಿರುಗಿ ಸಮಯ ಅಳೆಯಬೇಕಿತ್ತು. ಈಗಿನ ಡಿಜಿಟಲ್ ರಿಲೇಗೆ ತಪ್ಪು ಗುರುತಿಸಲು ಕರೆಂಟಿನ ಒಂದು ಸುತ್ತು, ಅಂದರೆ 20 ಮಿಲಿ ಸೆಕೆಂಡ್ ಸಾಕು. ಫೈಬರ್ ಎಳೆದಿದ್ದರೆ ಕೆಳಗಿನ ರಿಲೇ ಮೇಲಿನದಕ್ಕೆ "ನಾನು ನೋಡಿಕೊಳ್ಳುತ್ತೇನೆ, ನೀನು ತಡೆ" ಎಂದು ಕೆಲವೇ ಮಿಲಿ ಸೆಕೆಂಡಿನಲ್ಲಿ ಹೇಳಬಲ್ಲದು. ಕಾಯುವ ಕಾಲ ಅಷ್ಟು ಕಡಿಮೆ.

ಆದರೆ ವೇಗವೊಂದೇ ಸಾಲದು. "ತಂತಿ ಒಣ ನೆಲದ ಮೇಲೆ ಬಿದ್ರೆ ಬ್ರೇಕರ್ ಹೊಡೆಯಲ್ಲ ಸಾರ್" ಎನ್ನುವುದು ಪವರ್‌ಮ್ಯಾನ್‌ಗಳಿಗೆಲ್ಲ ಗೊತ್ತಿರುವ ಸತ್ಯ. ಟಾರು ರಸ್ತೆ, ಒಣ ಮರಳು ಕರೆಂಟನ್ನು ಸುಲಭಕ್ಕೆ ಬಿಡುವುದಿಲ್ಲ. ಹರಿಯುವುದು ಕೆಲವೇ ಆಂಪಿಯರ್. ನೂರಾರು ಆಂಪಿಯರ್‌ಗೆ ಹೊಂದಿಸಿಟ್ಟ ರಿಲೇಗೆ ಅದು ಇನ್ನೊಂದು ಪಂಪ್‌ಸೆಟ್ ಶುರುವಾದಂತೆ ಕಾಣುತ್ತದೆ. ಇಲ್ಲೂ ಆರ್‌ಸಿಸಿಬಿಯ ಲೆಕ್ಕವೇ ಬೇಕು: ಮೂರೂ ತಂತಿಗಳ ಕರೆಂಟು ಕೂಡಿದರೆ ಸೊನ್ನೆ ಬರಬೇಕು, ಬಾರದಿದ್ದರೆ ಎಲ್ಲೋ ನೆಲಕ್ಕೆ ಹೋಗುತ್ತಿದೆ. ಸೂಕ್ಷ್ಮ ಅರ್ತ್ ಫಾಲ್ಟ್ ರಿಲೇ ಮಾಡುವುದು ಈ ಕೆಲಸವನ್ನೇ. ನೆಲ ತೀರಾ ಒಣಗಿದ್ದರೆ ಅದೂ ಕೈಚೆಲ್ಲುವುದುಂಟು.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದ ವಿದ್ಯುತ್ ಕಂಪನಿ ತುಂಡಾದ ತಂತಿಯನ್ನು ಇನ್ನೂ ಮೊದಲೇ ಹಿಡಿಯಹೊರಟಿತು. 30 ಅಡಿ ಎತ್ತರದ ತಂತಿ ನೆಲ ಮುಟ್ಟಲು ಸುಮಾರು 1.4 ಸೆಕೆಂಡ್ ಬೇಕು. ಲೈನಿನುದ್ದಕ್ಕೂ ಇಟ್ಟ ಮಾಪಕಗಳು ವೋಲ್ಟೇಜು ಹೋಲಿಸಿ, ತಂತಿ ಗಾಳಿಯಲ್ಲಿರುವಾಗಲೇ ಕರೆಂಟು ತೆಗೆಯುತ್ತವೆ. ಅದೇ ರಾಜ್ಯದ ಇನ್ನೊಂದು ಕಂಪನಿ ಪಿಜಿ ಅಂಡ್ ಇ. ಅದರ ಲೈನಿನ ಕಿಡಿಯಿಂದ 2018ರಲ್ಲಿ ಹೊತ್ತಿದ ಕಾಡ್ಗಿಚ್ಚಿನಲ್ಲಿ 85 ಜನ ಸತ್ತರು. 2021ರಿಂದ ಅದು ಬೆಂಕಿಯ ಭಯವಿರುವ ಕಡೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಲೈನ್ ಬೀಳುವಂತೆ ರಿಲೇ ಬಿಗಿಮಾಡಿತು. ಬೆಂಕಿ ಕಡಿಮೆಯಾಯಿತು, ಅಳಿಲು ತಗುಲಿದರೂ ಊರು ಕತ್ತಲಾಗತೊಡಗಿತು, ಜನ ಬೈದರು. ನನ್ನನ್ನು ಕೇಳಿದರೆ ಆ ಬೈಗುಳ ಕೇಳಿಸಿಕೊಳ್ಳುವುದೇ ಸರಿಯಾದ ಆಡಳಿತ.

ನಮ್ಮಲ್ಲಿ ತಿರುವುಮುರುವು. ಫೀಡರ್ ಬಿದ್ದರೆ ಫೋನುಗಳ ಮಳೆ. ಒತ್ತಡ ತಾಳದೆ, ಲೈನ್ ನಡೆದು ನೋಡುವ ಮೊದಲೇ "ಒಮ್ಮೆ ಚಾರ್ಜ್ ಮಾಡಿ ನೋಡೋಣ" ಎನ್ನುವ ರೂಢಿ. ರಿಲೇ ಮಿಲಿ ಸೆಕೆಂಡಿನಲ್ಲಿ ಕೊಟ್ಟ ಎಚ್ಚರಿಕೆ ನಿಂತುಹೋದ ಸೀರಿಯಲ್ಲಿನ ಮುಂದೆ ಸೋಲುತ್ತದೆ. ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಶಾಕ್ ಹೊಡೆದು ಸಾಯುತ್ತಾರೆ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳೇ ಹೇಳುತ್ತವೆ.

ತಂತಿ ಬಿದ್ದದ್ದು ಕಂಡರೆ ಹತ್ತಿರ ಹೋಗದೆ, ಬೇರೆಯವರನ್ನೂ ಬಿಡದೆ, ಬೆಂಗಳೂರಿನವರಾದರೆ 1912ಕ್ಕೆ ಕರೆಮಾಡಿ. ದರ ಏರಿಕೆಗೆ ಮುಂಚೆ ವಿದ್ಯುತ್ ನಿಯಂತ್ರಣ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಗೆ ಹೋದಾಗ ಯೂನಿಟ್ಟಿಗೆ ಎಷ್ಟು ಪೈಸೆ ಎಂದು ಜಗಳವಾಡುವ ಜತೆಗೆ ಇದನ್ನೂ ಕೇಳಿ: ನಮ್ಮ ಫೀಡರಿನ ಅರ್ತ್ ಫಾಲ್ಟ್ ರಿಲೇ ಎಷ್ಟು ಆಂಪಿಯರ್‌ಗೆ ಇಟ್ಟಿದ್ದೀರಿ, ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ? ಉತ್ತರವನ್ನು ಬರಹದಲ್ಲಿ ಪಡೆಯಿರಿ.