ಯೇಸುಬಾಯಿಯ ಹಿಂದಿ, ಮಯೂರನ ಕನ್ನಡ

2025ರ ಫೆಬ್ರವರಿ 14ರಂದು ತೆರೆಕಂಡ ಹಿಂದಿಯ 'ಛಾವಾ' ಚಿತ್ರದಲ್ಲಿ ಸಂಭಾಜಿ ಮಹಾರಾಜರ ಪಾತ್ರ ವಹಿಸಿದ ವಿಕ್ಕಿ ಕೌಶಲ್ ಅವರಿಗೆ ಎಲ್ಲೆಡೆಯಿಂದ ಪ್ರಶಂಸೆ ದೊರೆಯಿತು. ಅದೇ ಚಿತ್ರದಲ್ಲಿ ರಾಣಿ ಯೇಸುಬಾಯಿಯಾಗಿ ನಟಿಸಿದ ಕೊಡಗಿನ ರಶ್ಮಿಕಾ ಮಂದಣ್ಣ ಅವರಿಗೆ ದೊರೆತದ್ದು ಬೇರೆಯೇ ಉಡುಗೊರೆ. ಆಕೆಯ ಹಿಂದಿಯಲ್ಲಿ ದಕ್ಷಿಣದ ಎಳೆತವಿದೆ, ಮರಾಠಾ ರಾಣಿಯ ಬಾಯಲ್ಲಿ ಅದು ಒಪ್ಪುವುದಿಲ್ಲ ಎಂದು ಅನೇಕ ಪ್ರೇಕ್ಷಕರು ಆಕ್ಷೇಪಿಸಿದರು. ದೆಹಲಿಯ ಕನ್ನಡಿಗರಾದ ನಮ್ಮಲ್ಲಿ ಕೆಲವರು ಅಭಿಮಾನದಿಂದ ಸಿಟ್ಟಾದೆವು. ಆಕೆಯ ಕನ್ನಡದ ಬಗ್ಗೆಯೇ ತಕರಾರುಳ್ಳ ಕೆಲವರು ನಕ್ಕು ಸುಮ್ಮನಾದೆವು. ಸಿಟ್ಟು, ನಗೆ ಎರಡನ್ನೂ ಬದಿಗಿಟ್ಟು ವಿಚಾರಿಸಬೇಕಾದ ಪ್ರಶ್ನೆಯೊಂದು ಇದರಲ್ಲಿದೆ. ಐತಿಹಾಸಿಕ ಚಿತ್ರದಲ್ಲಿ 'ಸರಿಯಾದ' ಉಚ್ಚಾರಣೆ ಎಂದರೆ ಯಾವುದು? ಅದನ್ನು ನಿರ್ಧರಿಸುವವರು ಯಾರು?

ಯೇಸುಬಾಯಿ ಕೊಂಕಣ ಸೀಮೆಯ ಶಿರ್ಕೆ ಮನೆತನದ ಹೆಣ್ಣುಮಗಳು. ಆಕೆಯ ಮನೆಮಾತು ಹದಿನೇಳನೆಯ ಶತಮಾನದ ಮರಾಠಿ. ಆಕೆ ಇಂದಿನ ಸಿನಿಮಾ ಹಿಂದಿಯಲ್ಲಿ ಮಾತನಾಡಿದ್ದೇ ಕಲ್ಪನೆ. ಸಂಭಾಜಿಯ ಹಿಂದಿಯೂ ಅಷ್ಟೇ ಕಲ್ಪನೆ. ಆದರೆ ಒಂದು ಕಲ್ಪನೆ ಕಿವಿಗೆ ಸಹಜವೆನಿಸಿತು, ಇನ್ನೊಂದು ಅಸಹಜವೆನಿಸಿತು. ಹಾಗಾದರೆ ಅಳತೆಗೋಲಾಗಿ ನಿಂತದ್ದು ಇತಿಹಾಸವಲ್ಲ, ಪ್ರೇಕ್ಷಕರ ರೂಢಿ. ಆ ರೂಢಿಯ ಹಿಂದಿಯನ್ನಾದರೂ ನಿಜ ಜೀವನದಲ್ಲಿ ಆಡುವವರು ಎಷ್ಟು ಮಂದಿ? ದ್ವಾರಕಾದ ಯಾವುದೇ ಬ್ಯಾಂಕಿನ ಕೌಂಟರಿನಲ್ಲಿ ಅರ್ಧ ದಿನ ಕುಳಿತರೆ ಸಾಕು. ನಜಫ್‌ಗಢದ ಕಡೆಯವರ ಹರಿಯಾಣವಿ, ಬಿಹಾರದವರ 'ಹಮ್', ಪಂಜಾಬಿಗಳ ಏರುದನಿ, ಬಂಗಾಳಿಗಳ ದುಂಡು ಸ್ವರ ಎಲ್ಲವೂ ಕೇಳಿಸುತ್ತವೆ. ಸಿನಿಮಾ ರಾಜರ ಹಿಂದಿ ಮಾತ್ರ ಎಲ್ಲೂ ಕೇಳಿಸುವುದಿಲ್ಲ.

ನಮ್ಮ ಕನ್ನಡದ ಚಿತ್ರಗಳನ್ನೂ ಇದೇ ಕಣ್ಣಿನಿಂದ ನೋಡುವುದು ನ್ಯಾಯ. 'ರಣಧೀರ ಕಂಠೀರವ' (1960), 'ಇಮ್ಮಡಿ ಪುಲಿಕೇಶಿ' (1967), 'ಶ್ರೀ ಕೃಷ್ಣದೇವರಾಯ' (1970), 'ಮಯೂರ' (1975) ಚಿತ್ರಗಳಲ್ಲಿ ಡಾ. ರಾಜ್‌ಕುಮಾರ್ ಆಡಿದ ಕನ್ನಡವೇ ಅರಸರ ಕನ್ನಡವೆಂದು ನಮ್ಮ ಕಿವಿಗಳು ಒಪ್ಪಿಕೊಂಡುಬಿಟ್ಟಿವೆ. ಕದಂಬರ ಮಯೂರಶರ್ಮ ನಾಲ್ಕನೆಯ ಶತಮಾನದವನು. ನಮಗೆ ದೊರೆತಿರುವ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು, ಮಯೂರನ ಚಂದ್ರವಳ್ಳಿ ಶಾಸನವಾದರೋ ಪ್ರಾಕೃತದಲ್ಲಿದೆ. ಆತ ಹೇಗೆ ಕನ್ನಡ ಆಡಿದನೆಂಬುದಕ್ಕೆ ಸಾಕ್ಷಿಯೇ ಇಲ್ಲ. ತೆರೆಯ ಮೇಲೆ ನಾವು ಕೇಳಿದ್ದು ಕಂಪೆನಿ ನಾಟಕಗಳು ಕಡೆದು ಕೊಟ್ಟ ಕನ್ನಡ. ಅದನ್ನು ನುಡಿದ ನಟ ಹುಟ್ಟಿದ್ದು ಇಂದು ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿರುವ ಗಡಿಯ ಗಾಜನೂರಿನಲ್ಲಿ. ಶಾಲೆಯ ಓದು ಬಾಲ್ಯದಲ್ಲೇ ನಿಂತಿತ್ತು. ಆ ಸ್ಪಷ್ಟತೆ, ಅಲ್ಪಪ್ರಾಣ ಮಹಾಪ್ರಾಣಗಳ ಆ ಎಚ್ಚರ ಬಂದದ್ದು ಹುಟ್ಟೂರಿನಿಂದಲ್ಲ. ತಂದೆ ಪುಟ್ಟಸ್ವಾಮಯ್ಯನವರೊಡನೆ ಗುಬ್ಬಿ ವೀರಣ್ಣನವರ ಕಂಪೆನಿಯಲ್ಲಿ ಕಲಿತ ತಾಲೀಮಿನಿಂದ.

ಈ ಕನ್ನಡದ ಗಾಂಭೀರ್ಯವನ್ನು ಮೆಚ್ಚುತ್ತಲೇ ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಬಿ.ಆರ್. ಪಂತುಲು ನಿರ್ದೇಶಿಸಿದ 'ಕಿತ್ತೂರು ಚೆನ್ನಮ್ಮ' (1961) ಚಿತ್ರದಲ್ಲಿ ಬಿ. ಸರೋಜಾದೇವಿಯವರ ಅಭಿನಯ ಮರೆಯಲಾಗದ್ದು. ಆದರೆ ಕಿತ್ತೂರಿನ ರಾಣಿಯ ಬಾಯಲ್ಲಿ ಬೆಳಗಾವಿ ಸೀಮೆಯ ಕನ್ನಡಕ್ಕೆ ಎಡೆಯಿರಲಿಲ್ಲ. ಬಹುಕಾಲ ನಮ್ಮ ಚಿತ್ರಗಳಲ್ಲಿ ಪ್ರಾದೇಶಿಕ ಮಾತು ಸೇವಕರ, ಹಾಸ್ಯಗಾರರ ಪಾಲಿಗೆ ಉಳಿಯಿತು. ಸಿಂಹಾಸನದ ಮೇಲೆ ಗ್ರಂಥಸ್ಥ ಕನ್ನಡ ಕುಳಿತಿತು. ರಶ್ಮಿಕಾರ ಹಿಂದಿಯನ್ನು ನಕ್ಕವರ ಮನೋಭಾವಕ್ಕೂ ಇದಕ್ಕೂ ನಡುವೆ ಅಂತರ ಬಹಳವಿಲ್ಲ.

ಬದಲಾವಣೆಗಳು ಬಂದಿವೆ ಎಂಬುದು ಸಮಾಧಾನ. ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' (1990) ಚಿತ್ರದಲ್ಲಿ ಧಾರವಾಡ ಸೀಮೆಯ ನುಡಿ ಸಂತನ ನುಡಿಯಾಯಿತು. ಅದಕ್ಕೂ ಮುನ್ನ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಚಿತ್ರಕ್ಕಾಗಿ ಶಂಕರ್ ನಾಗ್ ಅವರಿಗೆ 1979ರಲ್ಲಿ ನಮ್ಮ ಈ ದೆಹಲಿಯಲ್ಲೇ ನಡೆದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ನಟ, ನಿರ್ದೇಶಕ ಇಬ್ಬರ ಮನೆಮಾತೂ ಕೊಂಕಣಿ. ಮಧ್ಯಯುಗದ ಕನ್ನಡ ಯೋಧನನ್ನು ನಂಬಿಸಲು ಅದು ಅಡ್ಡಿಯಾಗಲಿಲ್ಲ. ರಿಷಬ್ ಶೆಟ್ಟಿಯವರ 'ಕಾಂತಾರ' (2022) ಕರಾವಳಿಯ ಕನ್ನಡವನ್ನು ನಾಯಕನ ಬಾಯಿಗೇ ಕೊಟ್ಟಿತು. 2024ರ ಅಕ್ಟೋಬರಿನಲ್ಲಿ ಅವರು ಇದೇ ನಗರದಲ್ಲಿ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಸ್ವೀಕರಿಸಿದರು. 2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ: ಅಧ್ಯಾಯ 1' ಕಥೆಯನ್ನು ಕದಂಬರ ಕಾಲಕ್ಕೇ ಒಯ್ದಿತು. 'ಮಯೂರ' ಬಂದು ಆಗ ಸರಿಯಾಗಿ ಐವತ್ತು ವರ್ಷ.

ಇಲ್ಲೊಂದು ವಿಪರ್ಯಾಸವುಂಟು. ದೆಹಲಿಯ ಬಹುಪಾಲು ಪ್ರೇಕ್ಷಕರು ನೋಡಿದ್ದು ಈ ಚಿತ್ರಗಳ ಹಿಂದಿ ಅವತರಣಿಕೆಯನ್ನು. ಅದರಲ್ಲಿ ದೃಶ್ಯವಿದೆ, ಕುಣಿತವಿದೆ. ಕುಂದಾಪುರ ಸೀಮೆಯ ಮಾತಿನ ಲಯವಿಲ್ಲ. ಕನ್ನಡ ಪ್ರದರ್ಶನ ವಿರಳ, ಸಮಯ ಅನನುಕೂಲ, ಮಕ್ಕಳಿಗೆ ಹಿಂದಿಯೇ ಸಲೀಸು ಎಂದು ನಾವೂ ಎಷ್ಟೋ ಸಲ ಹಿಂದಿ ಅವತರಣಿಕೆಗೇ ಚೀಟಿ ಕೊಂಡವರು. ಎರವಲು ಧ್ವನಿ ಚಿತ್ರರಂಗಕ್ಕೆ ಹೊಸತಲ್ಲ. 'ಓಂ ಶಾಂತಿ ಓಂ' (2007) ಚಿತ್ರದಲ್ಲಿ ಬೆಂಗಳೂರಿನ ದೀಪಿಕಾ ಪಡುಕೋಣೆಯವರಿಗೆ ಬೇರೊಬ್ಬರು ದನಿ ನೀಡಿದ್ದರು. ಎಂಟು ವರ್ಷಗಳ ತರುವಾಯ 'ಬಾಜೀರಾವ್ ಮಸ್ತಾನಿ'ಯಲ್ಲಿ ಆಕೆ ಸ್ವಂತ ದನಿಯಲ್ಲೇ ಮಸ್ತಾನಿಯಾದರು. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 'ಪೊನ್ನಿಯಿನ್ ಸೆಲ್ವನ್' (2022) ತಮಿಳು ಚಿತ್ರದಲ್ಲಿ ನಂದಿನಿಯಾದಾಗ ದನಿ ದೀಪಾ ವೆಂಕಟ್ ಅವರದು. ಇದಕ್ಕೆ ಎದುರಾಗಿ ಸರೋಜಾದೇವಿಯವರ ಉದಾಹರಣೆ ನಿಲ್ಲುತ್ತದೆ. ಅವರ ತಮಿಳಿನಲ್ಲಿ ಕನ್ನಡದ ಛಾಯೆಯಿತ್ತು. ತಮಿಳು ಪ್ರೇಕ್ಷಕರು ಅದನ್ನು ಮೆಚ್ಚಿ, ಕನ್ನಡದ ಗಿಳಿ ಎಂಬರ್ಥದ ಬಿರುದನ್ನೇ ಕೊಟ್ಟರು. 2025ರ ಜುಲೈ 14ರಂದು ಅವರು ತೀರಿಕೊಂಡಾಗ ಎರಡೂ ನಾಡುಗಳು ಸಮನಾಗಿ ದುಃಖಿಸಿದವು.

ಹಾಗೆಂದು ಉಚ್ಚಾರಣೆ ಹೇಗಿದ್ದರೂ ನಡೆಯುತ್ತದೆ ಎಂಬುದು ನಮ್ಮ ವಾದವಲ್ಲ. ಮಾತಿನ ಧಾಟಿ ಬೇರೆ, ಅರ್ಥಗೆಡಿಸುವ ತಪ್ಪು ಬೇರೆ. 'ಹಳ್ಳಿ'ಯನ್ನು 'ಹಲ್ಲಿ' ಎಂದರೆ ಊರು ಹೋಗಿ ಗೋಡೆಯ ಪ್ರಾಣಿ ಬರುತ್ತದೆ, ಅದನ್ನು ತಿದ್ದಲೇಬೇಕು. ಆದರೆ ಅಕ್ಷರ ಸರಿಯಿದ್ದು, ಭಾವ ಮುಟ್ಟುತ್ತಿದ್ದು, ರಾಗದಲ್ಲಿ ಮಾತ್ರ ಹುಟ್ಟೂರಿನ ಗುರುತಿದ್ದರೆ ಅದನ್ನು ಕೊರತೆಯೆಂದು ಎಣಿಸಬೇಕಾದ್ದಿಲ್ಲ. ನಟನಿಂದ ನಾವು ಕೇಳಬೇಕಾದದ್ದು ತಾಲೀಮು.

ಈ ಚರ್ಚೆ ಚಿತ್ರಮಂದಿರಕ್ಕಷ್ಟೇ ಸೇರಿದ್ದಲ್ಲ. ದ್ವಾರಕಾದ ಸೊಸೈಟಿ ಫ್ಲ್ಯಾಟುಗಳಲ್ಲಿ ಬೆಳೆದ ನಮ್ಮ ಮಕ್ಕಳ ಕನ್ನಡದಲ್ಲಿ ಹಿಂದಿಯ ಧಾಟಿಯಿದೆ. ರಾಜ್ಯೋತ್ಸವದ ನಾಟಕಗಳಲ್ಲಿ ಅವರಿಗೆ ಸಿಗುವುದು ಸಾಮಾನ್ಯವಾಗಿ ಮಾತಿಲ್ಲದ ಸೈನಿಕನ ಪಾತ್ರ. ಪುಲಿಕೇಶಿ, ಚೆನ್ನಮ್ಮನ ಪಾತ್ರಗಳು ಊರಿನಿಂದ ಬಂದ ಹಿರಿಯರಿಗೆ. ಬಾಯಿ ತೆರೆದ ಮಗುವಿನ 'ಳ'ಕಾರಕ್ಕೆ ಸಭೆ ನಕ್ಕರೆ ಆ ಮಗು ಮುಂದಿನ ವರ್ಷ ವೇದಿಕೆ ಹತ್ತುವುದಿಲ್ಲ. ಮನೆಯಲ್ಲೂ ಹಿಂದಿಯಲ್ಲೇ ಉತ್ತರಿಸತೊಡಗುತ್ತದೆ. ಮುಂಬಯಿಯ ಪ್ರೇಕ್ಷಕರು ರಶ್ಮಿಕಾರನ್ನು ನಕ್ಕಾಗ ನೊಂದ ನಾವು ನಮ್ಮ ಸಭಾಂಗಣದಲ್ಲಿ ನಗುವುದು ತರವೇ?

ಬರುವ ನವೆಂಬರಿನಲ್ಲಿ ಒಂದು ಪ್ರಯೋಗವನ್ನಾದರೂ ಮಾಡೋಣ. ಇಲ್ಲೇ ಹುಟ್ಟಿ ಬೆಳೆದ ಹುಡುಗನೊಬ್ಬನಿಗೆ ಮಯೂರನ ಪಾತ್ರ ಕೊಡೋಣ. ಹಿರಿಯರು ಜತೆಗೆ ಕುಳಿತು 'ಳ', 'ಣ'ಗಳನ್ನು ತಾಳ್ಮೆಯಿಂದ ತಿದ್ದಲಿ. ಉಳಿದ ದೆಹಲಿಯ ಧಾಟಿ ಅವನಲ್ಲೇ ಇರಲಿ.